ಬೀರುವಿನೊಳಗಿನ ವೈಫೈ

ಮನುಷ್ಯನಿಗೆ ಯಾವ ಕೆಲಸ ಬೇಕಾದರೂ ಸಿಗಲಿ, ಪರೀಕ್ಷೆ ಮಾಡುವ ಕೆಲಸ ಮಾತ್ರ ಸಿಗಬಾರದು. ಎಲ್ಲ ಸರಿಹೋದರೆ ನಮ್ಮನ್ನು ಯಾರೂ ನೆನೆಯುವುದಿಲ್ಲ, ಕೆಟ್ಟರೆ ಊರೆಲ್ಲ ನೆನೆಯುತ್ತದೆ. ಹಳ್ಳಿ ಶಾಲೆಗಳಿಗೆ ಹೋಗುವ ಲ್ಯಾಪ್‌ಟಾಪುಗಳನ್ನು ಮಂಡ್ಯದ ಆಫೀಸಿನಲ್ಲಿ ಕೂತು ಪರೀಕ್ಷಿಸುವವನು ನಾನು. ಅವು ವೈಫೈ ಹಿಡಿಯಬೇಕಾದರೆ ಒಳಗೆ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಸರಿಯಿರಬೇಕು. ಸರಿಯಿದೆ ಎಂದು ಒಪ್ಪಿಗೆ ಕೊಡುವ ಹಣೆಬರಹ ನನ್ನದು. ನನ್ನ ಮೇಜಿನ ಮೇಲೆ, ವೈಫೈ ಪೆಟ್ಟಿಗೆಯ ಮಗ್ಗುಲಲ್ಲೇ, ಎಲ್ಲವೂ ಓಡುತ್ತವೆ. ಮಳವಳ್ಳಿ ದಾಟಿದ ಮೇಲೆ ಅವಕ್ಕೆ ಏನು ಬಡಿಯುತ್ತದೋ ದೇವರಿಗೇ ಗೊತ್ತು.

ಹಲಗೂರಿನ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಜಯಲಕ್ಷ್ಮಮ್ಮ ಫೋನು ಮಾಡಿ, "ಸಾರ್, ಪೆಟ್ಗೆ ನೋಡುದ್ರೆ ನೆಟ್ಟು ಬತ್ತದೆ, ನೋಡ್ದಿದ್ರೆ ಹೋಯ್ತದೆ" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹಳೆ ಡ್ರೈವರ್ ತೆಗೆದು ಹೊಸದು ಹಾಕಿಸಿದೆ, ಹೊಸದು ತೆಗೆದು ಮತ್ತೆ ಹಳೆಯದನ್ನೇ ಹಾಕಿಸಿದೆ. ಅವರದು ಅದೇ ಮಾತು. ನಮ್ಮ ಸಾಹೇಬರು, "ಸೋಮವಾರದೊಳಗೆ ನೆಟ್ ಬರದಿದ್ದರೆ ಅಷ್ಟೂ ಲ್ಯಾಪ್‌ಟಾಪುಗಳನ್ನು ವಾಪಸ್ ತಂದು ಬೇರೆ ಶಾಲೆಗೆ ಕೊಡಿ" ಎಂದುಬಿಟ್ಟರು. ಆ ಶಾಲೆಯ ಮಕ್ಕಳು ಕೈ ತೊಳೆದು, ಲಂಗಕ್ಕೋ ಚಡ್ಡಿಗೋ ಒರೆಸಿಕೊಂಡೇ ಲ್ಯಾಪ್‌ಟಾಪು ಮುಟ್ಟುವುದು. ಆ ಮಕ್ಕಳ ಮುಂದಿನಿಂದ ಅವನ್ನು ಎತ್ತಿಕೊಂಡು ಬರುವುದು ನನ್ನಿಂದಾಗದ ಕೆಲಸ. ಶನಿವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಶಾಲೆಯಲ್ಲಿ ಪೆಟ್ಟಿಗೆ ಎಲ್ಲಿ ಎಂದು ಕೇಳಿದರೆ ಜಯಲಕ್ಷ್ಮಮ್ಮ ಸೊಂಟದಿಂದ ಕೀಲಿಗೊಂಚಲು ತೆಗೆದು ಕಬ್ಬಿಣದ ಬೀರು ತೆರೆದರು. ಬಿಸಿಯೂಟದ ಮೊಟ್ಟೆಗಳ ನಡುವೆ ಅದು ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ವೈರು ಬಿಡಲು ಬೀರುವಿನ ಬೆನ್ನಿಗೆ ಅಚ್ಚುಕಟ್ಟಾಗಿ ತೂತು ಬೇರೆ ಕೊರೆಸಿದ್ದರು. ಪಕ್ಕದ ಕೋಣೆಯಿಂದ ಮಕ್ಕಳು, "ಬಂತು ಮಿಸ್" ಅಂದವು. ಬೀರು ಮುಚ್ಚಿದರು. "ಹೋಯ್ತು ಮಿಸ್."

"ಮೇಡಂ, ಇದನ್ನ ಹೊರಗಿಡಬೇಕು."

"ಕೋತಿ ಬತ್ತವೆ ಸಾರ್. ಹೋದ್ಸಲ ಗಡಿಯಾರನೇ ಎತ್ಕಂಡು ಹುಣಸೆಮರ ಹತ್ಬುಟ್ಟೊ. ಪೆಟ್ಗೆ ಕಳುದ್ರೆ ನೀವೇ ಜವಾಬ್ದಾರಿ ಅಂತ ಹೇಳ್ದೋರು ನೀವಲ್ವಾ?"

ಹೇಳಿದವನು ನಾನೇ. "ಹಾಗಾದರೆ ಬಾಗಿಲನ್ನಾದರೂ ತೆರೆದಿಡಿ" ಅಂದೆ.

"ಮೊಟ್ಟೆ ಯಾರ್ ಕಾಯ್ತಾರೆ ಸಾರ್? ಬೀರೊಳಗಿಂದ್ಲೂ ನೆಟ್ಟು ಬರೋ ಡ್ರೈವರ್ರು ಹಾಕ್ಬುಡಿ, ಮುಗೀತು."

ಅಂಥದ್ದು ಪ್ರಪಂಚದಲ್ಲೇ ಇಲ್ಲ ಎಂದು ಹೇಳಬೇಕಿತ್ತು. ಬಾಗಿಲಲ್ಲಿ ಒದ್ದೆ ಕೈಯ ಮಕ್ಕಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದವು. "ನೋಡೋಣ ಮೇಡಂ" ಅಂದುಬಿಟ್ಟೆ.

ಇನ್ನು ಮೇಲಾದರೂ ಪರೀಕ್ಷೆ ಸರಿಯಾಗಿ ನಡೆಯಲಿ ಎಂದು ಇವತ್ತು ನಮ್ಮ ಮನೆಯ ಪೆಟ್ಟಿಗೆಯನ್ನು ಹೆಂಡತಿಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮಧ್ಯೆ ಇಟ್ಟೆ. ವೈರು ಬಿಡಲು ತೂತನ್ನೂ ಕೊರೆದೆ. "ಅಲ್ಲಾ ಕಣ್ರೀ, ಆ ಮಕ್ಳಿಗೆ ನೆಟ್ಟು ಕೊಡುಸ್ತೀನಿ ಅಂತ ಹೋಗಿ ಮನೇದೂ ಕಳುದ್ರಲ್ಲ" ಅಂದಳು. ಬಾಗಿಲು ತೆರೆದು, ನೆಟ್ ಬಂದದ್ದನ್ನು ತೋರಿಸಿದೆ. ಸೀರೆಗೆ ಧೂಳು ಕೂರುತ್ತದೆ ಎಂದು ಅವಳು ಮುಚ್ಚಿ ಬೀಗ ಹಾಕಿದಳು. ನಾಳೆ ಸೋಮವಾರ. ನಾನು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಬೀರುವಿನ ಮುಂದೆ ಕೂತಿದ್ದೇನೆ. ಕೀಲಿ ಅವಳ ಸೊಂಟದಲ್ಲಿದೆ.