ಮಾತ್ರೆಗೆ ಕತ್ತರಿ ಹಾಕಿದ ಕಟಿಂಗ್ ಮಾಸ್ಟರ್

ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಬಟ್ಟೆಗೆ ಕತ್ತರಿ ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಟ್ಟೆ ಉಳಿಸುವವನು ನಾನೊಬ್ಬನೇ! ಇದು ನಾನು ಹೇಳಿಕೊಳ್ಳುವ ಮಾತಲ್ಲ, ಊರೇ ಹೇಳುತ್ತದೆ. ಊರು ಮರೆತಾಗ ಮಾತ್ರ ನಾನು ನೆನಪಿಸುತ್ತೇನೆ. ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಳತೆಯ ರಟ್ಟುಗಳನ್ನು ಅತ್ತಿತ್ತ ಸರಿಸಿ, ಸೀಮೆಸುಣ್ಣದ ಗೆರೆ ಎಳೆದೆನೆಂದರೆ ಮಾಲೀಕರು ಹೇಳಿದ್ದಕ್ಕಿಂತ ಒಂದು ಪ್ಯಾಂಟಾದರೂ ಹೆಚ್ಚು ಬರಲೇಬೇಕು. ಬರದಿದ್ದರೆ ಅಂದು ನನಗೆ ಊಟ ಸೇರದು.

ಇಂಥ ನನಗೆ ಒಮ್ಮೆ ಗೆರೆಯೇ ಕಾಣದಂತಾಯಿತು. ಎದುರಿನದು ಕಾಣುತ್ತಿತ್ತು, ಪಕ್ಕದ್ದು ಮಾಯ! ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿದೆ, ನಿಲ್ಲಿಸಿದ ಬೈಕಿಗೆ ಮೊಣಕಾಲು ಬಡಿಸಿಕೊಂಡೆ. ಕೊನೆಗೆ ಒಂದಿಡೀ ಲಾಟಿನಲ್ಲಿ ಬರೀ ಪ್ಯಾಂಟಿನ ಎಡಗಾಲುಗಳನ್ನೇ ಕತ್ತರಿಸಿಟ್ಟ ಮೇಲೆ ಮಾಲೀಕರೇ ನನ್ನನ್ನು ಬೆಂಗಳೂರಿಗೆ ಬಸ್ ಹತ್ತಿಸಿದರು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಯಿದೆಯಂತೆ. ಅದರಲ್ಲಿ ಗಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಡಾಕ್ಟರುಗಳು ಮೂಗಿನ ದಾರಿಯಿಂದ ಒಳಹೊಕ್ಕು ಅದನ್ನು ತೆಗೆದುಬಿಟ್ಟರು. ಹೊರಗೆ ಒಂದೇ ಒಂದು ಹೊಲಿಗೆ ಇಲ್ಲ! ಕಸುಬುದಾರನಾಗಿ ನಾನು ಅವರಿಗೆ ಕೈಮುಗಿದೆ.

ಮನೆಗೆ ಕಳಿಸುವ ಮುನ್ನ ದೊಡ್ಡ ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಶಾರದಳನ್ನೂ ಎದುರಿಗೆ ಕೂರಿಸಿಕೊಂಡರು.

"ನೋಡಿ, ದೇಹಕ್ಕೆ ಬೇಕಾದ ಸ್ಟೆರಾಯ್ಡನ್ನು ನಿಮ್ಮ ಮೈ ಇನ್ನು ತಾನಾಗಿ ಮಾಡಿಕೊಳ್ಳುವುದಿಲ್ಲ. ಆದ್ದರಿಂದ ಈ ಮಾತ್ರೆ ಜೀವನಪೂರ್ತಿ. ಬೆಳಿಗ್ಗೆ, ಮಧ್ಯಾಹ್ನ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಈ ಇಂಜೆಕ್ಷನ್. ಯಾವ ಕಾರಣಕ್ಕೂ ನಿಲ್ಲಿಸಬಾರದು. ನಿಲ್ಲಿಸಿದರೆ ಜೀವಕ್ಕೇ ಅಪಾಯ."

ಶಾರದ ಪ್ರತಿ ಮಾತಿಗೂ ತಲೆಯಾಡಿಸಿದಳು. ನಾನು ಡಾಕ್ಟರ ಅಂಗಿಯ ಕಾಲರ್ ನೋಡುತ್ತಿದ್ದೆ. ಕಟಿಂಗ್ ಚೆನ್ನಾಗಿರಲಿಲ್ಲ.

ಕೆಲವು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ದಿನ ಗುಂಡಿ-ಜಿಪ್ ಅಂಗಡಿಯ ವೀರಭದ್ರಪ್ಪ ನನ್ನ ಮಾತ್ರೆಯ ಹೆಸರು ಕೇಳಿ ಹೌಹಾರಿದ.

"ಸ್ಟೆರಾಯ್ಡಾ? ಯಾಕ ಬೇಕ್ರಿ ಮಾಸ್ಟರ್ ಅದು? ಎಲುಬು ಟೊಳ್ಳು ಮಾಡ್ತೈತ್ರಿ! ಮೈ ಊದಿಸ್ತೈತ್ರಿ! ನಿಮ್ಮ ಮುಖಾನ ನೋಡ್ರಿ, ಪೂರಿ ಆಗೈತಿ!"

ಮನೆಗೆ ಬಂದವನೇ ಟೇಪು ಸುತ್ತಿ ಸೊಂಟ ಅಳೆದೆ. ಹಳೆಯ ಅಳತೆ ಮೀರಿಹೋಗಿತ್ತು! ಊರಿನ ಸೊಂಟಗಳನ್ನೆಲ್ಲ ಹದ್ದುಬಸ್ತಿನಲ್ಲಿಟ್ಟವನ ಸೊಂಟವೇ ಹೀಗೆ ದಾರಿ ತಪ್ಪುವುದೇ? ಆಗ ನನಗೊಂದು ಘನವಾದ ವಿಚಾರ ಹೊಳೆಯಿತು. ಯಾವ ಬಟ್ಟೆಯಲ್ಲೂ ಒಂದಿಷ್ಟು ಹೆಚ್ಚಿನ ಅಂಚು, ಅಂದರೆ ಮಾರ್ಜಿನ್, ಇದ್ದೇ ಇರುತ್ತದೆ. ಮಾಲೀಕರು ಹೆಚ್ಚು ಬಟ್ಟೆ ಬೇಕೆಂದು ಹೇಳುತ್ತಾರೆ, ಜಾಣ ಮಾಸ್ಟರ್ ಕಡಿಮೆಯಲ್ಲಿ ಮುಗಿಸುತ್ತಾನೆ. ಡಾಕ್ಟರೂ ಒಂದಿಷ್ಟು ಮಾರ್ಜಿನ್ ಬಿಟ್ಟೇ ಬರೆದಿರಬೇಕಲ್ಲವೇ?

ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದುಕೊಂಡೆ. ಮೊದಲು ಮಾತ್ರೆಯ ಅಂಚನ್ನಷ್ಟೇ ಸವರಿದೆ. ಏನೂ ಆಗಲಿಲ್ಲ. ಆಮೇಲೆ ಕಾಲು ಭಾಗ, ಆಮೇಲೆ ಅರ್ಧ. ಚೂರು ಎಸೆಯುವುದು ನಮ್ಮ ಕಸುಬಿನಲ್ಲಿ ಪಾಪ, ಹಾಗಾಗಿ ತುಂಡುಗಳನ್ನೆಲ್ಲ ಒಂದು ಗುಂಡಿ ಡಬ್ಬಿಯಲ್ಲಿ ತುಂಬಿ ಜೇಬಿನಲ್ಲಿಟ್ಟುಕೊಂಡೆ. ಶಾರದ "ಮಾತ್ರೆ ತಗಂಡ್ರಾ?" ಎಂದು ಕೇಳಿದಾಗಲೆಲ್ಲ "ತಗೊಂಡೆ" ಎನ್ನುತ್ತಿದ್ದೆ. ಎಷ್ಟು ಎಂದು ಅವಳು ಕೇಳಿರಲಿಲ್ಲ. ಸುಸ್ತಾಗುತ್ತಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಸೊಂಟ ಇಳಿಯುವಾಗ ಹಾಗೇ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಷ್ಟರಲ್ಲಿ ಶಾರದಳ ತಮ್ಮ ಸಿದ್ದೇಶನ ಹೊಸ ಮನೆಯ ಗೃಹಪ್ರವೇಶ ಬಂತು. ಅವಳ ತವರು ಮಡಕಶಿರಾ ಕಡೆಯ ಅಮರಾಪುರ. ಭಾಮೈದನ ಮನೆಗೆಂದು ನಾನೇ ಪರದೆ ಹೊಲಿದಿದ್ದೆ. ಚೀಲದಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಯಾವುದೋ ಡಬ್ಬಿ ಸುಮ್ಮನೆ ಜಾಗ ತಿನ್ನುತ್ತಿತ್ತು, ತೆಗೆದು ಕಪಾಟಿನಲ್ಲಿಟ್ಟೆ. ಅದು ಇಂಜೆಕ್ಷನ್ ಡಬ್ಬಿ.

ಬಸ್ಸಿನಲ್ಲೇ ಚಳಿಜ್ವರ ಹತ್ತಿತು. ಡಾಕ್ಟರು ಹೇಳಿದ "ಎರಡರಷ್ಟು" ನೆನಪಾಗದೆ ಇರಲಿಲ್ಲ. ಆದರೆ ನಮ್ಮ ಹಿರಿಯರು ಡಾಕ್ಟರಿಗಿಂತ ಹಿರಿಯರಲ್ಲವೇ? ಲಂಘನಂ ಪರಮೌಷಧಂ! ಜ್ವರಕ್ಕೆ ಉಪವಾಸವೇ ಮದ್ದು. ಅಂದು ಅನ್ನವನ್ನೂ ಬಿಟ್ಟೆ, ಉಳಿದ ಆ ಅರ್ಧ ಮಾತ್ರೆಯನ್ನೂ ಬಿಟ್ಟೆ. ಶಾರದ ಹಣೆ ಮುಟ್ಟಿ ನೋಡಿ ಗಾಬರಿಯಾದಳು.

"ಮೈ ಸುಡ್ತೈತಲ್ರೀ! ಎರಡೆರಡು ನುಂಗಿದ್ರಾ?"

"ನುಂಗೀನಿ ಬಿಡ," ಎಂದೆ. ಇಡೀ ಪ್ರಕರಣದಲ್ಲಿ ನಾನು ಹೇಳಿದ ಶುದ್ಧ ಸುಳ್ಳು ಅದು.

ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಸಿದ್ದೇಶ ಹಸುವಿನ ಹಗ್ಗ ತಂದು ನನ್ನ ಕೈಗೆ ಕೊಟ್ಟ. "ಭಾವ, ಮನೆ ಅಳಿಯ ನೀವು. ಮುಂದೆ ನಡೀರಿ."

ಎಂಥ ಗೌರವ! ಎದೆ ಉಬ್ಬಿಸಿ ಹೆಜ್ಜೆ ಇಟ್ಟೆ. ಹೊಸಿಲು ಎರಡಾಯಿತು, ಮಾವಿನ ತೋರಣ ಗಿರ್ರೆಂದು ತಿರುಗಿತು. ಅಲ್ಲೇ ವಾಂತಿ ಮಾಡಿಕೊಂಡು, ಅಲ್ಲೇ ಉರುಳಿದೆ. ಹಸು ನನ್ನನ್ನೊಮ್ಮೆ ಮೂಸಿ ನೋಡಿ, ಪಕ್ಕಕ್ಕೆ ಸರಿದು, ಬಲಗಾಲಿಟ್ಟು ಒಳಗೆ ಹೋಯಿತಂತೆ. ಅಂದು ಶಾಸ್ತ್ರ ತಪ್ಪದೆ ನಡೆದುಕೊಂಡಿದ್ದು ಅದೊಂದೇ.

"ದೃಷ್ಟಿ ಆಗೈತೆ, ಉಪ್ಪು ಮೆಣಸಿನಕಾಯಿ ತಗಂಬರ್ರೇ!" ಎಂದಿತು ಒಂದು ದನಿ. "ಪಿತ್ತ ಕಣಪ್ಪಾ, ನಿಂಬೆಹಣ್ಣು ಹಿಂಡ್ರಿ" ಎಂದಿತು ಇನ್ನೊಂದು. ಗಾಳಿಯಾಡಲೆಂದು ಶಾರದ ನನ್ನ ಅಂಗಿಯ ಗುಂಡಿ ಬಿಚ್ಚುವಾಗ ಜೇಬಿನಿಂದ ಡಬ್ಬಿ ಬಿದ್ದು ಮುಚ್ಚಳ ತೆರೆದುಕೊಂಡಿತು. ಮಾತ್ರೆಯ ಚೂರುಗಳು ರಂಗೋಲಿಯ ಮೇಲೆಲ್ಲ ಚೆಲ್ಲಿದವು. ಅವಳು ಒಂದು ಕ್ಷಣ ಅವುಗಳನ್ನೇ ನೋಡಿದಳು. ಆಮೇಲೆ ಇಂಜೆಕ್ಷನ್‌ಗಾಗಿ ಚೀಲ ಸುರಿದಳು. ಪರದೆ ಬಂತು, ಇನ್ನೊಂದು ಪರದೆ ಬಂತು.

"ಇಂಜೆಕ್ಷನ್ ಡಬ್ಬಿ ಎಲ್ರೀ?"

"ಜಾಗ... ಸಾಲಲಿಲ್ಲ," ಎಂದೆನಂತೆ.

ಅವಳು ಬೈಯಲಿಲ್ಲ. "ಸಿದ್ದೇಶ, ಕಾರ್ ತೆಗಿಯೋ! ಮಡಕಶಿರಾಕ್ಕೆ ನಡಿ!" ಎಂದು ಕೂಗಿದಳು. ಪೂಜೆ ಅರ್ಧಕ್ಕೆ ನಿಂತಿತು. ಐನೋರು ಕೈಯಲ್ಲಿ ಆರತಿ ಹಿಡಿದು ನಿಂತೇ ಇದ್ದರಂತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿ ಮುಖ ಗಂಟಿಕ್ಕಿದರು. ಏನಾಯಿತೆಂದು ತೆಲುಗಿನಲ್ಲಿ ಕೇಳಿದರು. ಅರೆಪ್ರಜ್ಞೆಯಲ್ಲೂ ನನ್ನ ಜಾಣತನಕ್ಕೆ ಮಾತ್ರ ಪೂರ್ತಿ ಎಚ್ಚರವಿತ್ತು. "ಏಮೀ ಲೇದು ಮೇಡಂ, ಪಿತ್ತಂ," ಎಂದೆ. ಏನೂ ಇಲ್ಲವಂತೆ! ಶಾರದ ನನ್ನನ್ನು ಪಕ್ಕಕ್ಕೆ ತಳ್ಳಿದಂತೆ ಮುಂದೆ ಬಂದಳು.

"ಆಯನ ಮಾಟ ವಿನೊದ್ದು ಮೇಡಂ!" ಇವರ ಮಾತು ಕೇಳಬೇಡಿ ಎಂದು ಹೇಳಿ, ಗಡ್ಡೆ, ಆಪರೇಷನ್, ಮಾತ್ರೆ, ಕತ್ತರಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಇಂಜೆಕ್ಷನ್ ನರಕ್ಕೆ ಇಳಿಯಿತು, ಹಿಂದೆಯೇ ಸಲೈನ್ ಹತ್ತಿತು. ಇನ್ನಷ್ಟು ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ.

ಸಂಜೆಗೆ ಕಣ್ಣು ತಿಳಿಯಾದಾಗ ಅವರೇ ಬಂದು ವಿವರಿಸಿದರು. ಎಲ್ಲರ ಮೈ ತಾನೇ ಮಾಡಿಕೊಳ್ಳುವಷ್ಟನ್ನೇ ನನಗೆ ಹೊರಗಿನಿಂದ ಕೊಡುತ್ತಿದ್ದರಂತೆ. ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ನಾನು ಮಾರ್ಜಿನ್ ಎಂದು ಸವರಿದ್ದು ಬಟ್ಟೆಯನ್ನೇ.

"ಮತ್ತೆ ಈ ಸೊಂಟ, ಮೇಡಂ?" ಎಂದೆ.

"ಬೆಳಿಗ್ಗೆ ಏನು ತಿಂತೀರ?"

"ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸಂಜೆಗೂ ಅದೇ," ಎಂದಳು ಶಾರದ. ಡಾಕ್ಟರಮ್ಮ ನನ್ನ ಚೀಟಿಯಲ್ಲಿ ಬಜ್ಜಿ ಬಿಡಬೇಕು ಎಂದು ಬರೆದರು.

ಅವರು ಹೋದ ಮೇಲೆ ಶಾರದ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು.

"ಆಪ್ರೇಷನ್ ದಿವ್ಸ ನೀವು ಒಳಗೆ ನಿದ್ದೆ ಮಾಡ್ತಿದ್ರಿ. ಹೊರಗೆ ಬೆಂಚಿನ ಮ್ಯಾಲೆ ಕುಂತಿದ್ದೋಳು ನಾನು. ಇನ್ನೊಂದ್ ಸಲ ಹಂಗೆ ಕೂರಕ್ಕೆ ನನ್ ಕೈಲಿ ಆಗಲ್ಲ ಕಣ್ರೀ."

ಅವಳು ಅತ್ತಳು. ನನಗೂ ಅಳು ಬಂತು. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಬಟ್ಟೆಯ ಚೂರು ಉಳಿಸಿ ಮೀಸೆ ತಿರುವುತ್ತಿದ್ದವನು, ನನಗಾಗಿ ಬೆಂಚಿನ ಮೇಲೆ ಕಾದವಳ ಲೆಕ್ಕವನ್ನೇ ಹಿಡಿದಿರಲಿಲ್ಲ. ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಈಗ ಮಾತ್ರೆ ಇಡಿಯಾಗಿಯೇ ಒಳಗೆ ಹೋಗುತ್ತದೆ. ಅವಳ ಎದುರಿಗೇ ನುಂಗಿ, ಬಾಯಿ ತೆರೆದು ತೋರಿಸಬೇಕು. ಸಣ್ಣ ಕತ್ತರಿ ಅವಳ ವಶದಲ್ಲಿದೆ, ಇಂಜೆಕ್ಷನ್ ಡಬ್ಬಿ ಅವಳ ವ್ಯಾನಿಟಿ ಬ್ಯಾಗಿನಲ್ಲಿದೆ. ಇಷ್ಟಕ್ಕೇ ಮುಗಿಯಲಿಲ್ಲ. ಜೀನ್ಸ್ ಪ್ಯಾಂಟಿನ ಒಳಗೆ ಹೇಗೆ ಒಗೆಯಬೇಕು, ಹೇಗೆ ಇಸ್ತ್ರಿ ಮಾಡಬೇಕು ಎಂದು ಬಿಳಿ ಪಟ್ಟಿಯ ಲೇಬಲ್ ಹೊಲಿಯುತ್ತಾರಲ್ಲ, ಅಂಥದ್ದನ್ನೇ ಮಾಡಿಸಿ ತಂದು ನನ್ನ ಎಲ್ಲ ಅಂಗಿಗಳ ಕಾಲರಿನೊಳಗೆ ತಾನೇ ಹೊಲಿದಿದ್ದಾಳೆ. ಕನ್ನಡದಲ್ಲೂ ತೆಲುಗಿನಲ್ಲೂ ಹೀಗೆ ಬರೆಸಿದ್ದಾಳೆ: "ಪಿಟ್ಯುಟರಿ ಆಪರೇಷನ್ ಆಗಿದೆ. ಸ್ಟೆರಾಯ್ಡ್ ನಿಲ್ಲಿಸಬಾರದು. ಪ್ರಜ್ಞೆ ತಪ್ಪಿದ್ದರೆ ತಕ್ಷಣ ಇಂಜೆಕ್ಷನ್ ಕೊಡಿಸಿ. ಪ್ರಜ್ಞೆ ಇದ್ದರೆ ಇವರ ಮಾತು ಕೇಳಬೇಡಿ."

ಮಾಸ್ಟರ್ ಕಣ್ಣಲ್ಲವೇ, ಹೊಲಿಗೆಯನ್ನು ಪರೀಕ್ಷಿಸಿದೆ. ನಾಲ್ಕೂ ಬದಿ ಜೋಡಿ ಹೊಲಿಗೆ, ಈ ಜನ್ಮದಲ್ಲಿ ಬಿಚ್ಚುವಂಥದ್ದಲ್ಲ. ಅಂಚಿನಲ್ಲಿ ಮಾತ್ರ ಅರ್ಧ ಬೆರಳಿನಷ್ಟು ಬಟ್ಟೆ ದಂಡವಾಗಿದೆ. ಹೇಳೋಣವೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಹೇಳಿದರೂ ಕೇಳುವವರು ಯಾರು? ಕಾಲರಿನಲ್ಲೇ ಬರೆದಿದೆಯಲ್ಲ!