ಕರೀ ಚಾಕುವಿನ ಪಾಡು

ಕಪ್ಪು ಕಂಡ್ರೆ ಸಾಕು, ಉಜ್ಜಬೇಕು ಅನ್ನೋ ರೋಗ ನಮ್ಮ ಜನಕ್ಕೆ ಇದೆ ಸ್ವಾಮಿ. ಹಲಸೂರಿನ ಒಂದು ಮೆಸ್ಸಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದೆ. ಅಡುಗೆಗಿಂತ ಈ ರೋಗದಿಂದ ನನ್ನ ಚಾಕು ಕಾಪಾಡೋದೇ ದೊಡ್ಡ ಕೆಲಸ ಆಗಿತ್ತು.

ಚಾಕು ನನಗೆ ಅಡುಗೆ ಕಲಿಸಿದ ಗುರುಗಳದ್ದು. ಶಿವಾಜಿನಗರದ ಕುಲುಮೆಯಲ್ಲಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ್ದು. ಸ್ಟೀಲ್ ಚಾಕು ಥರ ಅಲ್ಲ ಇದು, ಒದ್ದೆ ಬಿಟ್ರೆ ತುಕ್ಕು ಹಿಡಿಯುತ್ತೆ. ಆದ್ರೆ ದಿನಾ ಈರುಳ್ಳಿ, ಬಾಳೆಕಾಯಿ ಹೆಚ್ಚಿ, ಒರೆಸಿ, ಒಂದು ಹನಿ ಎಣ್ಣೆ ಸವರ್ತಾ ಬಂದ್ರೆ ಮೊದಲು ನೀಲಿ, ಆಮೇಲೆ ಬೂದಿ, ವರ್ಷಗಟ್ಟಲೆ ಕಳೆದ ಮೇಲೆ ಕಪ್ಪು ಬಣ್ಣ ಕೂರುತ್ತೆ. ಆ ಕಪ್ಪು ಇದ್ರೆ ತುಕ್ಕು ಸುಳಿಯಲ್ಲ, ತರಕಾರಿಗೆ ಕಬ್ಬಿಣದ ವಾಸನೆ ಹತ್ತಲ್ಲ. ಗುರುಗಳು ಸಾಯೋ ಮುಂಚೆ ಚಾಕು ಕೈಗಿಟ್ಟು, "ತೊಳಿ, ಒರೆಸು, ಎಣ್ಣೆ ಮುಟ್ಟಿಸು. ಉಜ್ಜಿದ್ಯೋ, ದೆವ್ವ ಆಗಿ ಬಂದು ಕೈ ಮುರೀತೀನಿ" ಅಂದಿದ್ರು. ಅವರ ಹತ್ರ ನನಗೆ ಕೊಡೋಕೆ ಬೇರೇನೂ ಇರಲಿಲ್ಲ.

೧. ಸಾಹೇಬ್ರ ತಪಾಸಣೆ

ತೊಂಬತ್ತರ ದಶಕದಲ್ಲಿ ಒಂದ್ಸಲ ಅಡುಗೆಮನೆ ತಪಾಸಣೆಗೆ ಕಾರ್ಪೊರೇಷನ್ ಸಾಹೇಬ್ರು ಬಂದ್ರು. ಎರಡೇ ಬೆರಳಲ್ಲಿ ಚಾಕು ಎತ್ತಿದ್ರು.

"ಏನ್ರೀ ಇದು, ತುಕ್ಕು?"

"ತುಕ್ಕು ಕೆಂಪಗಿರುತ್ತೆ ಸಾರ್. ಇದು ಕಪ್ಪು."

"ಕಪ್ಪಾದ್ರೆ ಗಲೀಜು."

"ದೋಸೆ ಹಂಚೂ ಕಪ್ಪಗೇ ಇದೆಯಲ್ಲ ಸಾರ್?"

"ರೀ, ಹಂಚಿನ ವಿಷಯ ಬೇರೆ" ಅಂತ ಗದರಿದ್ರು. ಆಮೇಲೆ ಅದೇ ಹಂಚಿನ ಮೇಲೆ ಎರಡು ಮಸಾಲೆ ದೋಸೆ ಹಾಕಿಸ್ಕೊಂಡು ತಿಂದು, ಕೈ ತೊಳೆದು, ರಿಜಿಸ್ಟರಲ್ಲಿ "ಚಾಕು ಬಿಸಾಡತಕ್ಕದ್ದು" ಅಂತ ಬರೆದು ಹೋದ್ರು.

೨. ಆಯುಧಪೂಜೆ

ಚಾಕು ಅಕ್ಕಿ ಡಬ್ಬದಲ್ಲಿ ಅವಿತು ಬದುಕ್ಕೊಂಡಿತು. ಆದ್ರೆ ಹಬ್ಬದಿಂದ ಬಚಾವಾಗಲಿಲ್ಲ. ಓನರ್ ಹೆಂಡತಿ ಕೆ.ಆರ್. ಪುರದ ಕಡೆಯವರು, ತುಂಬಾ ಒಳ್ಳೆ ಹೆಂಗಸು. ಒಳ್ಳೆಯವರಿಂದಲೇ ನೋಡಿ ಅಪಾಯ. ಆಯುಧಪೂಜೆ ದಿನ ನಾನು ಬೂದುಗುಂಬಳ ತರೋಕೆ ಹೋಗಿ ಬರೋಷ್ಟರಲ್ಲಿ, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಎಲ್ಲಾ ಸಾಮಾನೂ ತಿಕ್ಕಿ, ಕುಂಕುಮ ಇಟ್ಟು ಸಾಲಾಗಿ ಜೋಡಿಸಿದ್ರು. ನನ್ನ ಚಾಕು ಬೆಳ್ಳಗೆ ಮಲಗಿತ್ತು.

"ನೋಡಿ ಮಾಸ್ಟ್ರೇ, ಎಷ್ಟು ವರ್ಷದ ಕೊಳೆ!"

"ಎರಡು ತಲೆಮಾರಿಂದು ಅಮ್ಮಾ" ಅಂದೆ.

"ಅದಕ್ಕೇ ಮತ್ತೆ, ನನ್ನ ರಟ್ಟೆ ಬಿದ್ದೋಯ್ತು" ಅಂದ್ರು.

ಮಾರನೇ ದಿನ ಬರೀ ಮೈ ಚಾಕು ಮುಟ್ಟಿದ ಈರುಳ್ಳಿಯೆಲ್ಲ ಕಪ್ಪಿಟ್ಟಿತು. ವಿಮಾನಪುರದ ಫ್ಯಾಕ್ಟರಿಯಲ್ಲಿ ದಿನವಿಡೀ ಕಬ್ಬಿಣ ಕೊರೆದು ಊಟಕ್ಕೆ ಬರ್ತಿದ್ದ ಗಿರಾಕಿ ಈರುಳ್ಳಿ ಪಚಡಿ ಬಾಯಿಗಿಟ್ಟು, ನನ್ನ ಮುಖ ನೋಡಿ, "ಗುರು, ನಾನು ಊಟಕ್ಕೆ ಬಂದಿದೀನೋ, ಇನ್ನೂ ಡ್ಯೂಟಿಲೇ ಇದೀನೋ?" ಅಂದ.

೩. ಬೀಳ್ಕೊಡುಗೆ

ಮತ್ತೆ ಆ ಕಪ್ಪು ಕೂರೋಕೆ ಹತ್ತು ವರ್ಷ ಹಿಡೀತು. ಅಷ್ಟರಲ್ಲಿ ನನ್ನ ಮಂಡಿ ಹೋಯ್ತು, ಕೆಲಸ ಬಿಡ್ತೀನಿ ಅಂದೆ. ಹೊರಡೋಕೆ ಎರಡು ದಿನ ಇದ್ದಾಗ ಚಾಕು ಕಾಣೆ! ಕಸದ ಬುಟ್ಟಿ, ಮೋರಿ, ಎಲ್ಲಾ ಹುಡುಕಿದೆ. ಗುರುಗಳದ್ದು ಅಂತ ಉಳಿದಿದ್ದು ಅದೊಂದೇ. ಹುಚ್ಚು ಹಿಡಿಯೋದೊಂದು ಬಾಕಿ.

ಬೀಳ್ಕೊಡುಗೆ ದಿನ ಶಾಲು ಹೊದಿಸಿ, ಓನರ್ ಕೆಂಪು ಮಖಮಲ್ಲಿನ ಪೆಟ್ಟಿಗೆ ಕೈಗಿಟ್ರು. ತೆಗೆದ್ರೆ ನನ್ನದೇ ಚಾಕು, ಅದೇ ಹಿಡಿ. ಅಲಗು ಮಾತ್ರ ಕನ್ನಡಿ.

"ಉಜ್ಜಿದ್ರೂ ಮತ್ತೆ ಕಪ್ಪಾಗುತ್ತೆ ಅಂತ ಮಾಸ್ಟ್ರೇ ಹೇಳಿದ್ರು," ಓನರ್ ಮೈಕಲ್ಲಿ ಹೇಳಿದ್ರು. "ಪಾಪ, ಇಪ್ಪತ್ತು ವರ್ಷ ಅದ್ರಲ್ಲೇ ಹೆಣಗಿದ್ರು. ಅದಕ್ಕೇ ಪಾಲಿಶ್ ಹೊಡೆಸಿ ಮೇಲೆ ನಿಕ್ಕಲ್ ಲೇಪ ಹಾಕಿಸಿದೀನಿ. ಇನ್ನು ಈ ಜನ್ಮದಲ್ಲಿ ಕಪ್ಪಾಗಲ್ಲ!"

ಅದರಲ್ಲೇ ಕೇಕ್ ಕುಯ್ಯಿರಿ ಅಂದ್ರು. ಪಾಲಿಶಲ್ಲಿ ಹರಿತವೆಲ್ಲ ಹೋಗಿ, ಕೇಕ್ ಅಪ್ಪಚ್ಚಿ ಆಯ್ತು. ನನಗೆ ಅಳು ತಡೆಯೋಕಾಗಲಿಲ್ಲ. "ಎಷ್ಟು ಖುಷಿ ಆಗಿದೆ ನೋಡಿ ಪಾಪ" ಅಂತ ಓನರ್ ಹೆಂಡತಿಯೂ ಕಣ್ಣೊರೆಸ್ಕೊಂಡ್ರು. ಎಲ್ರೂ ಚಪ್ಪಾಳೆ ಹೊಡೆದ್ರು. ಕೊನೆಗೆ ಬೇಕರಿಯವನು ಕೊಟ್ಟಿದ್ದ ಪ್ಲಾಸ್ಟಿಕ್ ಚಾಕುವಲ್ಲೇ ಕುಯ್ದೆ.

ಗುರುಗಳ ದೆವ್ವ ಇನ್ನೂ ಬಂದಿಲ್ಲ. ಬಂದ್ರೆ ಇರಲಿ ಅಂತ ಓನರ್ ಮನೆ ಅಡ್ರೆಸ್ ಬರೆದಿಟ್ಟಿದೀನಿ.