ಪ್ರೆಸಿಡೆಂಟ್ರ ಬಾವಿಗೆ ಕಾಗದ ಹುಡುಕಿದ್ದು

ಸರ್ಕಾರಿ ಕಚೇರಿಗೆ ಹಳೇ ಕಾಗದ ಹುಡುಕಿಕೊಂಡು ಹೋದವರಿಗೆ ಕಾಗದ ಸಿಗುತ್ತೋ ಬಿಡುತ್ತೋ, ಮನೆಗೆ ಬಂದು ಹೇಳಿಕೊಳ್ಳೋಕೆ ಒಂದು ಕಥೆಯಂತೂ ಸಿಕ್ಕೇ ಸಿಗುತ್ತೆ. ನಾನು ಎಂಟು ವರ್ಷ ಅಲೆದವಳು. ನನ್ನ ಹತ್ತಿರ ಕಥೆಗಳೇ ಜಾಸ್ತಿ.

ನಾನು ಹುಣಸೂರು ಕಡೆಯವಳು, ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡೋ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ. ಇಷ್ಟು ವರ್ಷ ಉಳಿದುಕೊಂಡವರನ್ನು ನಮ್ಮೂರಲ್ಲಾದರೆ ಮನೆಅಳಿಯ ಅಂತಾರೆ. ಪಿಎಚ್‌.ಡಿ. ಮಾಡಿದರೆ ಕಾಯಂ ಆಗೋಕೆ ದಾರಿ ಇದೆ ಅಂದರು, ಸೇರಿಕೊಂಡೆ. ವಿಷಯ, ಬಹಳ ಹಿಂದೆ ನಮ್ಮ ಸೀಮೆಯಲ್ಲಿ ತಾಲ್ಲೂಕು ಬೋರ್ಡಿನ ಅಧ್ಯಕ್ಷರಾಗಿದ್ದ ಒಬ್ಬರ ಆಡಳಿತ. ಅವರನ್ನು ಜನ ಈಗಲೂ ಬರೀ ‘ಪ್ರೆಸಿಡೆಂಟ್ರು’ ಅಂತಾರೆ, ನಾನೂ ಹಾಗೇ ಅಂತೀನಿ. ಬೋರ್ಡು ಮುಚ್ಚಿದ ಮೇಲೆ ಅದರ ಕಾಗದಗಳು ಲಾರಿ ಹತ್ತಿ ಊರೂರು ಸುತ್ತಿವೆ. ಯಾವ ಊರಿನ ಯಾವ ಕಚೇರಿ ಅಂತ ಮಾತ್ರ ನಾನು ಹೇಳಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆಯವರು ‘ಇದು ಪಕ್ಕದವರದ್ದೇ ಕಣ್ರೀ’ ಅಂತ ನೆಮ್ಮದಿಯಾಗಿ ನಗಲಿ.

ಪ್ರೆಸಿಡೆಂಟ್ರು ಕಾಡಂಚಿನ ಒಂದು ಹಾಡಿಯಲ್ಲಿ ಮೂರು ದಿನ ಅಲ್ಲೇ ಉಳಿದು ಗಿರಿಜನರಿಗೆ ಬಾವಿ ತೋಡಿಸಿದರು ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋ ಮಾತು. ನನ್ನ ಪ್ರಬಂಧದ ಪ್ರಾಣವೇ ಆ ಅಧ್ಯಾಯ. ನನ್ನ ಗೈಡ್ ಒಪ್ಪಲಿಲ್ಲ.

“ಜನ ಹೇಳೋದೆಲ್ಲ ಇತಿಹಾಸ ಅಲ್ಲ ಕಣಮ್ಮ, ಕಾಡುಹರಟೆ. ಸೀಲಿರೋ ಒಂದು ಕಾಗದ ತನ್ನಿ. ಇಲ್ಲ ಅಂದ್ರೆ ಆ ಅಧ್ಯಾಯ ಕಿತ್ತುಹಾಕಿ.”

ಅದನ್ನ ಕಿತ್ತರೆ ಉಳಿಯೋದು ಮುನ್ನುಡಿ, ಕೃತಜ್ಞತೆ ಎರಡೇ. ಕೊನೇ ಗಡುವಿಗೆ ಆರು ತಿಂಗಳು ಇತ್ತು. ಅಷ್ಟರೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು. ಎಂಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

೧. ಗೆದ್ದಲು ಮುಟ್ಟದ ಕಡತ

ಮೊದಲ ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತರು ಒಳ್ಳೇ ಮನುಷ್ಯ. ಮೂಗಿಗೆ ಟವೆಲ್ ಕಟ್ಟಿಕೊಂಡರು, ನನಗೂ ಸೆರಗು ಕಟ್ಟಿಕೊಳ್ಳೋಕೆ ಹೇಳಿದರು, ಏಣಿ ಹತ್ತಿ ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಇಳಿಸಿದರು. ಬಿಚ್ಚಿದರೆ ಒಳಗೆಲ್ಲ ಮಣ್ಣು. ಪ್ರೆಸಿಡೆಂಟ್ರ ಆಡಳಿತವನ್ನು ನನಗಿಂತ ಮೊದಲೇ ಗೆದ್ದಲು ಆಮೂಲಾಗ್ರ ಅಧ್ಯಯನ ಮಾಡಿ ಮುಗಿಸಿತ್ತು.

ಕೊನೇ ಗಂಟಿನಲ್ಲಿ ಒಂದೇ ಒಂದು ಕಡತ ಕಲ್ಲುಗುಂಡಿನ ಹಾಗೆ ಉಳಿದಿತ್ತು. ದೇವರೇ, ಬಾವಿದೇ ಆಗಿರಲಿ ಅಂತ ಬಿಚ್ಚಿದೆ. ‘ವಿಷಯ: ರೆಕಾರ್ಡ್ ರೂಮಿಗೆ ಗೆದ್ದಲು ಔಷಧಿ ಖರೀದಿಸುವ ಬಗ್ಗೆ.’

ಔಷಧಿ ಬೇಕು ಅಂತ ಕೆಳಗಿನವರು ಬರೆದಿದ್ದರು. ಮೂರು ಕಡೆ ದರಪಟ್ಟಿ ತರಿಸಿ ಅಂತ ಮೇಲಿನವರು. ತರಿಸಿದರು. ದರಪಟ್ಟಿ ಹಳೆಯದಾಯಿತು, ಹೊಸದು ತರಿಸಿ ಅಂತ ಮತ್ತೆ ಮೇಲಿನವರು. ಹೀಗೇ ವರ್ಷಗಟ್ಟಲೆ ಜಗ್ಗಾಡಿ, ಕಟ್ಟಕಡೆಯ ಹಾಳೆಯಲ್ಲಿ ಯಾರೋ ಮಹಾನುಭಾವರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದರು: ‘ಸದರಿ ಕೊಠಡಿಯಲ್ಲಿ ಗೆದ್ದಲು ತಿನ್ನತಕ್ಕ ಕಡತಗಳು ಯಾವುವೂ ಉಳಿದಿಲ್ಲವಾದ್ದರಿಂದ ಔಷಧಿಯ ಅವಶ್ಯಕತೆ ಕಂಡುಬರುವುದಿಲ್ಲ. ಕಡತ ಮುಕ್ತಾಯಗೊಳಿಸಿದೆ.’

“ಇದೊಂದನ್ನ ಮಾತ್ರ ಯಾಕೆ ತಿಂದಿಲ್ಲ ಸಾರ್?” ಅಂದೆ.

ಗುಮಾಸ್ತರು ಟವೆಲ್ ಬಿಚ್ಚಿ ಯೋಚನೆ ಮಾಡಿ ಹೇಳಿದರು, “ಔಷಧಿ ಹೆಸ್ರು ಬರ್ದಿದ್ದಾರಲ್ಲ ಮೇಡಂ, ಹೆದ್ರಿರ್ಬೇಕು.”

೨. ಸಹಿ ಇದೆ, ಸಭೆ ಇಲ್ಲ

ಎರಡನೇ ಕಚೇರಿಯಲ್ಲಿ ಬೋರ್ಡಿನ ನಡಾವಳಿ ಪುಸ್ತಕವೇ ಸಿಕ್ಕಿತು. ಸಭೆಯಲ್ಲಿ ಏನೇನಾಯಿತು ಅಂತ ಬರೆದಿಡೋ ಪುಸ್ತಕ, ಬಾವಿ ಇದ್ದರೆ ಇದರಲ್ಲೇ ಇರಬೇಕು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಎಲ್ಲಾ ಸಭೆಯಲ್ಲೂ ಎಲ್ಲಾ ವಿಷಯವೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಪ್ರೆಸಿಡೆಂಟ್ರ ಮೇಲೆ ತಂದ ಅವಿಶ್ವಾಸ ನಿರ್ಣಯವೂ ಸರ್ವಾನುಮತದಿಂದ ಅಂಗೀಕಾರ ಆಗಿತ್ತು. ಅದರ ಕೆಳಗೇ, ಪ್ರೆಸಿಡೆಂಟ್ರಲ್ಲಿ ಸಂಪೂರ್ಣ ವಿಶ್ವಾಸ ವ್ಯಕ್ತಪಡಿಸಿದ ನಿರ್ಣಯ, ಅದೂ ಸರ್ವಾನುಮತ.

ಬಾವಿ ತೋಡಿಸಿದರು ಅಂತ ಜನ ಹೇಳೋ ವರ್ಷಕ್ಕೆ ಬಂದರೆ ಹಾಳೆಗಳೆಲ್ಲ ಖಾಲಿ. ಕೆಳಗೆ ಮಾತ್ರ ಎಲ್ಲಾ ಸದಸ್ಯರ ಸಹಿ, ಇಬ್ಬರ ಹೆಬ್ಬೆಟ್ಟು, ಪ್ರೆಸಿಡೆಂಟ್ರ ಸಹಿ, ದುಂಡಗೆ ಸೀಲು.

“ಇದೇನ್ರೀ ಇದು?” ಅಂತ ಅಲ್ಲಿನ ಕ್ಲರ್ಕನ್ನು ಕೇಳಿದೆ.

“ಮೆಂಬರ್‌ಗಳು ಉಪ್ಪಿಟ್ಟು ತಿಂದ್ಮೇಲೆ ನಿಲ್ತಿರ್ಲಿಲ್ವಂತೆ ಮೇಡಂ. ಅದಕ್ಕೆ ಮೊದ್ಲೇ ಸಹಿ ಹಾಕ್ಸಿಕೊಂಡು, ಸಭೇಲಿ ಏನ್ ಆಯ್ತು ಅಂತ ನಿಧಾನಕ್ಕೆ ಬರ್ಕೊಳ್ತಿದ್ರು.”

“ಇಲ್ಲಿ ಬರ್ದಿಲ್ವಲ್ಲ!”

“ಇನ್ನೂ ನಿಧಾನ ಆಗಿರ್ಬೇಕು.”

ನನ್ನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತೋ ಏನೋ. ಆ ಕಡೆ ಈ ಕಡೆ ನೋಡಿ, ಜೇಬಿನ ಪೆನ್ನು ತೆಗೆದು ನನ್ನ ಮುಂದೆ ಇಟ್ಟ. “ಸಹಿ ಇದೆ, ಸೀಲಿದೆ, ಜಾಗಾನೂ ಇದೆ. ಬಾವಿ ವಿಷಯ ನೀವೇ ಬರ್ಕೊಂಡು ಜೆರಾಕ್ಸ್ ಮಾಡ್ಸಿಕೊಳ್ಳಿ ಮೇಡಂ. ಯಾರಿಗೇನ್ ನಷ್ಟ?”

ಸುಳ್ಳು ಯಾಕೆ ಹೇಳಲಿ, ಪೆನ್ನು ಕೈಗೆ ತಗೊಂಡೆ. ಒಂದು ನಿಮಿಷ ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ಥೂ ನನ್ನ ಜನ್ಮಕ್ಕೆ ಅಂತ ವಾಪಸ್ ಕೊಟ್ಟೆ. ಅವನು ಬೇಜಾರು ಮಾಡಿಕೊಂಡು, “ಪೆನ್ನಿನ ಇಂಕು ಹೊಂದಲ್ಲ ಅಂತಾನಾ ಮೇಡಂ?” ಅಂದ.

೩. ಸಾರಥಿಯೂ ಶತ್ರುವೂ

ಕಾಗದ ಇಲ್ಲದಿದ್ದರೆ ಬೇಡ, ಆ ಕಾಲದವರನ್ನೇ ಕೇಳಿ ಒಂದು ಸುಳಿವಾದರೂ ಹಿಡಿಯೋಣ ಅಂತ ಗಾವಡಗೆರೆ ಹತ್ತಿರದ ಒಂದು ಹಳ್ಳಿಗೆ ಹೋದೆ. ಪ್ರೆಸಿಡೆಂಟ್ರ ಜೀಪ್ ಓಡಿಸ್ತಿದ್ದ ಡ್ರೈವರ್ ಅಲ್ಲಿದ್ದರು. ತೊಂಬತ್ತಕ್ಕೆ ಹತ್ತಿರದ ಮುದುಕ, ಕಣ್ಣು ಮಾತ್ರ ಲಕಲಕ. ಮೊಬೈಲಿನ ರೆಕಾರ್ಡರ್ ಆನ್ ಮಾಡಿ, “ಪ್ರೆಸಿಡೆಂಟ್ರ ಆಡಳಿತ ಹೆಂಗಿತ್ತು ತಾತ?” ಅಂದೆ.

“ಸಖತ್ತಾಗಿತ್ತು ಕಣವ್ವ. ಎಂಥಾ ದಿಣ್ಣೆ ಆದ್ರೂ ಸೆಕೆಂಡ್ ಗೇರಲ್ಲೇ ಏರದು.”

ಎರಡು ಗಂಟೆ ಮಾತಾಡಿದರು. ಅದರಲ್ಲಿ ಪ್ರೆಸಿಡೆಂಟ್ರು ಮೂರು ಸಲ ಬಂದರು, ಮೂರು ಸಲವೂ ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದರು. ಹಾಡಿಯ ಮೂರು ದಿನದ ಬಗ್ಗೆ ಕೇಳಿದೆ ನೋಡಿ, ತಾತ ಮಾತು ತಿರುಗಿಸಿಬಿಟ್ಟರು. “ಅದೆಲ್ಲ ಗ್ಯಾನ ಇಲ್ಲ ಬುಡವ್ವ. ನನ್ ಜೀಪ್ ಮಾತ್ರ ಒಂದಿನಾನೂ ಕೈಕೊಟ್ಟಿದ್ದಿಲ್ಲ, ಅದನ್ನ ಬರ್ಕೋ.”

ಅಲ್ಲಿಂದ ಕೆ.ಆರ್. ನಗರದ ಕಡೆಗೆ. ಅಲ್ಲಿ ಮಗಳ ಮನೆಯಲ್ಲಿ ಇದ್ದವರು ಬೋರ್ಡಿನಲ್ಲಿ ಪ್ರೆಸಿಡೆಂಟ್ರಿಗೆ ಕಡು ವಿರೋಧಿಯಾಗಿದ್ದ ಮಾಜಿ ಸದಸ್ಯರು. ಪ್ರೆಸಿಡೆಂಟ್ರು ಸತ್ತು ಎಷ್ಟೋ ವರ್ಷ ಆಗಿದೆ, ಇವರ ವಿರೋಧ ಮಾತ್ರ ಇನ್ನೂ ಚಿಗುರ್ತಾ ಇತ್ತು.

“ಬಾವಿ? ಯಾವ ಬಾವಿ? ಬಾವಿನೂ ಇಲ್ಲ, ಗೀವಿನೂ ಇಲ್ಲ. ಅವ್ನು ಒಂದು ಗುಂಡೀನೂ ತೋಡ್ಸಿಲ್ಲ. ಎಲ್ಲಾ ಬುರುಡೆ!”

“ಖಂಡಿತಾನಾ ಸಾರ್?”

“ಖಂಡಿತ ಕಣಮ್ಮ. ಅಲ್ದೆ ಆ ಬಾವಿ ನೀರು ಕುಡಿಯೋಕಾಗುತ್ತಾ? ಬೇಳೆ ಹಾಕಿದ್ರೆ ಬೇಯಲ್ಲ!”

“ಈಗ ತಾನೇ ಬಾವಿ ಇಲ್ಲ ಅಂದ್ರಲ್ಲ ಸಾರ್?”

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು. “ಇಲ್ದೆ ಇದ್ದಾಗ್ಲೇ ಬೇಳೆ ಬೇಯಲ್ಲ. ಇದ್ದಿದ್ರೆ ಇನ್ನೆಂಗಿರ್ತಿತ್ತು ನೋಡು!”

೪. ಪೊದೆಯಿಂದ ಬಂದ ಆದೇಶ

ಇನ್ನೇನು, ಬಾವಿಯನ್ನೇ ನೋಡೋಣ ಅಂತ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು, ಆಟೋ ಹಿಡಿದು, ಆಟೋದವನು ಇನ್ನು ಮುಂದೆ ಬರಲ್ಲ ಅಂದ ಕಡೆಯಿಂದ ನಡೆದು ಹಾಡಿ ಸೇರಿದೆ. ಬಾವಿ ಇತ್ತು! ಕಲ್ಲು ಕಟ್ಟಿದ ಬಾವಿ, ತಿಳಿನೀರು. ಕಟ್ಟೆ ಮೇಲೆ ಒಬ್ಬ ಅಜ್ಜಿ ಸೊಪ್ಪು ಸೋಸುತ್ತಾ ಕೂತಿದ್ದರು. ಸೊಸೆ, ಮೊಮ್ಮಗಳು ಎಲ್ಲ ಶುಂಠಿ ಹೊಲಕ್ಕೆ ಕೂಲಿಗೆ ಹೋಗಿದ್ದರು.

“ಪ್ರೆಸಿಡೆಂಟ್ರು ಇಲ್ಲಿ ಮೂರು ದಿನ ಇದ್ದದ್ದು ನಿಜಾನಾ ಅಜ್ಜಿ?”

“ಇದ್ರು. ಇರ್ದೆ ಎಲ್ಲಿಗೋಯ್ತಾರೆ? ಜೀಪ್ ಕೆಟ್ಟೋಗಿತ್ತು.”

ನಾನು ರೆಕಾರ್ಡರ್ ಆನ್ ಮಾಡೋದನ್ನೇ ಮರೆತೆ.

“ಜಡಿಮಳೆ ಬ್ಯಾರೆ. ಡ್ರೈವರಪ್ಪ ಜೀಪಿನ ಕೆಳೀಕೆ ನುಗ್ಗಿದೋನು ಮೂರು ದಿನ ಈಚೀಕೇ ಬರ್ನಿಲ್ಲ. ಪ್ರೆಸಿಡೆಂಟ್ರು ನಮ್ ಗುಡ್ಲಲ್ಲೇ ಮಲೀಕಂಡ್ರು. ನಾವು ಕುಡಿಯೋ ಹಳ್ಳದ ನೀರೇ ಅವ್ರಿಗೂ ಕೊಟ್ಟೋ. ಮೊದಲ್ನೇ ದಿನ ಚೆಂದಾಗಿದ್ರು. ಎರಡ್ನೇ ದಿನ ತಂಬಿಗೆ ಇಡ್ಕಂಡು ಆ ಪೊದೆ ತಾವ್ಕೆ ಓಡಾಡಕ್ಕೆ ಸುರು ಮಾಡುದ್ರು. ಮೂರ್ನೇ ದಿನ ಪೊದೆಯಿಂದ ವಾಪಸ್ಸೇ ಬರ್ನಿಲ್ಲ. ಅಲ್ಲಿಂದ್ಲೇ ಕೂಗುದ್ರು, ‘ಈ ಹಾಡಿಗೆ ಒಂದು ಬಾವಿ ತೋಡ್ಸ್ರಲಾ’ ಅಂತ. ತಿಂಗಳೊಳಗೆ ಬಾವಿ ಆಯ್ತು.”

ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ. ಅಜ್ಜಿ ಮಾತ್ರ ನಗಲಿಲ್ಲ. ಸೊಪ್ಪಿನ ಕಡ್ಡಿ ಬಿಸಾಕಿ ಹೇಳಿದರು, “ಎಲ್ಲಾ ಪ್ರೆಸಿಡೆಂಟ್ರ ಗಾಡೀನೂ ಇಲ್ಲೇ ಬಂದು ಕೆಡ್ಬೇಕು ಕಣವ್ವ. ರಸ್ತೆಗೊಬ್ಬ, ಕರೆಂಟಿಗೊಬ್ಬ, ಆಸ್ಪತ್ರೆಗೊಬ್ಬ ಬಂದು ಸಿಕ್ಕಾಕಂಡ್ರೆ ಸಾಕು.”

೫. ಕೊನೆಗೂ ಸಿಕ್ಕಿದ ಕಡತ

ಗೈಡ್ ಹತ್ತಿರ ಓಡಿಹೋಗಿ ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿ, “ಕಾಗದ ಎಲ್ಲಿ?” ಅಂದರು.

ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಮನೆಗೆ ಬಂದವಳೇ ಆ ಮೊದಲ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಜಡಿದೆ. ಅಜ್ಜಿ ಹೇಳಿದ್ದಷ್ಟನ್ನೂ ಕಚೇರಿ ಭಾಷೆಗೆ ತಿರುಗಿಸಿದೆ: ‘ಸದರಿ ಅಧ್ಯಕ್ಷರು ಸದರಿ ಪೊದೆಯಿಂದಲೇ ಬಾವಿ ತೋಡಿಸುವಂತೆ ಮೌಖಿಕ ಆದೇಶ ಹೊರಡಿಸಿದರೆಂದು ಹಾಡಿಯ ಹಿರಿಯರು ತಿಳಿಸಿರುತ್ತಾರೆ. ಈ ಬಗ್ಗೆ ಕಡತವಿದ್ದಲ್ಲಿ ನಕಲು ಕೊಡುವುದು.’

ಉತ್ತರ ಬಂತು: ‘ಸದರಿ ಪೊದೆಯು ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂಬುದನ್ನು ತಿಳಿಸುವುದು.’

ಬಿಡಲಿಲ್ಲ ನಾನೂ. ಮತ್ತೆ ಬರೆದೆ, ಮತ್ತೆ ಕೇಳಿದರು. ಏಳು ಅರ್ಜಿ ಹಾಕಿದೆ. ಗಡುವಿಗೆ ಒಂಬತ್ತು ದಿನ ಇದೆ ಅನ್ನುವಾಗ ಆ ಕಚೇರಿಯ ಅದೇ ಗುಮಾಸ್ತರು ಫೋನ್ ಮಾಡಿದರು. “ಬನ್ನಿ ಮೇಡಂ. ನಿಮ್ ಪ್ರೆಸಿಡೆಂಟ್ರ ಬಾವಿ ಫೈಲ್ ರೆಡಿ ಇದೆ.”

ಪಾಠ ಅರ್ಧಕ್ಕೆ ಬಿಟ್ಟು ಓಡಿದೆ. ಹೊಸಾ ಕೆಂಪು ಬಟ್ಟೆ, ಹೊಸಾ ದಾರ, ಪುಟಸಂಖ್ಯೆ. ‘ವಿಷಯ: ಮಾಜಿ ಅಧ್ಯಕ್ಷರು ಹಾಡಿಯಲ್ಲಿ ಬಾವಿ ತೋಡಿಸಿದ ಬಗ್ಗೆ.’ ದಾರ ಬಿಚ್ಚಿದರೆ ಮೊದಲ ಪುಟದಲ್ಲೇ ನನ್ನ ಅಕ್ಷರ. ಎರಡನೇದು ಅವರ ಉತ್ತರ. ಮೂರನೇದು ಮತ್ತೆ ನಾನು. ಕೊನೇವರೆಗೂ ನನ್ನ ಅರ್ಜಿಗಳೇ!

“ಇದೇನ್ ಸಾರ್ ತಮಾಷೆ?” ಅಂತ ಕೂಗಾಡಿದೆ.

“ತಮಾಷೆ ಏನು ಬಂತು ಮೇಡಂ? ಫೈಲ್ ಕೊಡಿ, ಫೈಲ್ ಕೊಡಿ ಅಂತ ಏಳು ಕಾಗದ ಬರ್ದ್ರಿ. ಏಳು ಕಾಗದ ಸೇರಿದ್ಮೇಲೆ ಫೈಲ್ ಆಗ್ಲೇಬೇಕಲ್ವಾ?” ಅಂತ ಹೇಳಿ, ಪ್ರತಿ ಪುಟದ ನಕಲಿಗೂ ಠಪ್ ಠಪ್ ಅಂತ ಸೀಲೊತ್ತಿ ಸಹಿ ಹಾಕಿಸಿ ಕೊಟ್ಟರು.

ಇನ್ನು ಮುಗೀತು ಅಂತ ಅದನ್ನೇ ಹೊತ್ತುಕೊಂಡು ಗೈಡ್ ಮುಂದೆ ಇಟ್ಟೆ. ಅವರು ಓದಲಿಲ್ಲ. ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ಸೀಲು ನೋಡಿದರು. ಮುಖ ಅರಳಿತು. “ಇದು ಕಣಮ್ಮ ಆಕರ ಅಂದ್ರೆ! ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?”

“ಸಾರ್, ಇದು ನಾನೇ ಬರೆದ ಅರ್ಜಿ. ನೀವು ಕಾಡುಹರಟೆ ಅಂದ್ರಲ್ಲ, ಅದೇ ಅಜ್ಜಿ ಮಾತು.”

“ಅಜ್ಜಿ ಹೇಳ್ದಾಗ ಅದು ಹರಟೆ. ನೀವು ಬರ್ದಾಗ ಅರ್ಜಿ. ಸರ್ಕಾರ ಸೀಲೊತ್ತಿದ ಮೇಲೆ ದಾಖಲೆ. ಇಷ್ಟೂ ಗೊತ್ತಾಗಲ್ವಾ ನಿಮಗೆ?” ಅಂತ ಬೈದು ಸಹಿ ಹಾಕಿದರು. ಗಡುವಿಗೆ ಎರಡು ದಿನ ಮೊದಲೇ ಪ್ರಬಂಧ ಸಲ್ಲಿಸಿದೆ. ಇದು ನನ್ನದೇ ಅರ್ಜಿ ಅಂತ ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೀನಿ. ಅಡಿಟಿಪ್ಪಣಿ ಓದಿದವರು ಇನ್ನೂ ಯಾರೂ ಸಿಕ್ಕಿಲ್ಲ.

ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಹಾಡಿಗೆ ಹೋದೆ. ಅಜ್ಜಿಗೆ ನಡೆದದ್ದೆಲ್ಲ ಹೇಳಿ ಸೀಲಿನ ಕಾಗದ ತೋರಿಸಿದೆ. ಅಜ್ಜಿ ಸೀಲಿನ ಮೇಲೆ ಬೆರಳಾಡಿಸಿದರು.

“ನಾನ್ ಬಾಯಲ್ಲಿ ಏಳಿದ್ದೇ ಇದ್ರಾಗಿರೋದು?”

“ಅದೇ ಅಜ್ಜಿ, ಒಂದಕ್ಷರ ಬಿಟ್ಟಿಲ್ಲ.”

“ನಮ್ ತಾತನ ಕಾಲ್ದಿಂದ ಇಲ್ಲೇ ಇದ್ದೀವಿ, ಈ ನೆಲ ನಮ್ದು ಅಂತ ಎಲ್ಲಾರ ಮುಂದೂ ಬಾಯಿ ಬಡ್ಕಂಡೆ. ಬಂದೋರೆಲ್ಲ ‘ಕಾಗದ ಎಲ್ಲಿ’ ಅಂದ್ರು. ಈಗ ಗೊತ್ತಾಯ್ತು ಕಾಗದ ಎಲ್ಲಿ ಉಟ್ತದೆ ಅಂತ.” ಕೈ ಒರೆಸಿಕೊಂಡು ನೆಟ್ಟಗೆ ಕೂತರು. “ತಗಿ ನಿನ್ ಪೆನ್ನ. ನಾನ್ ಏಳ್ತೀನಿ, ಬರ್ಕೋ.”

ನಾನು ಬ್ಯಾಗಿನಿಂದ ಹಾಳೆ ತೆಗೆದೆ. “ಯಾವ ಕಚೇರಿಗೆ ಹಾಕೋಣ ಅಜ್ಜಿ?”

“ಯಾವ್ದಾದ್ರೂ ಆಗ್ಲಿ. ಓದಿ ನೋಡೋರ ತಾವ್ಕೆ ಮಾತ್ರ ಬ್ಯಾಡ. ಓದ್ದೆ ಸೀಲೊತ್ತೋರು ಎಲ್ಲವ್ರೋ ಅಲ್ಲಿಗಾಕು.”